ಮೇಳಕ್ಕೆ ಹೊರಟ ಹಳೆಯ ಮೋಟಾರು

ವಸ್ತುವಿನ ಬೆಲೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವುದರಲ್ಲಿದೆಯೋ, ಅದನ್ನು ಬಳಸುವುದರಲ್ಲಿದೆಯೋ? ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಅಟ್ಟಕ್ಕೇರಿಸಿ, ವರ್ಷಕ್ಕೊಮ್ಮೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮತ್ತೆ ಅಟ್ಟಕ್ಕೇ ಏರಿಸುವ ಮನೆಗಳನ್ನು ನಾವು ಬಲ್ಲೆವು. ದಿನವೂ ನೀರು ಕಾಯಿಸಿ ತಳ ಕಪ್ಪಾದ ಹಂಡೆಯಿರುವ ಮನೆಗಳನ್ನೂ ಬಲ್ಲೆವು. ಇವೆರಡರಲ್ಲಿ ಯಾವುದು ಹಿರಿಯರಿಗೆ ಸಲ್ಲಿಸುವ ನಿಜವಾದ ಗೌರವ ಎಂಬ ಪ್ರಶ್ನೆಗೆ ನಮಗೆ ಉತ್ತರ ದೊರೆತದ್ದು ಅನಿರೀಕ್ಷಿತವಾದೊಂದು ಎಡೆಯಲ್ಲಿ. ಅಮೆರಿಕ ದೇಶದ ಕೆಂಟಕಿ ರಾಜ್ಯದ ಹಳೆಯ ರಸ್ತೆಯೊಂದರ ಬದಿಯಲ್ಲಿ, ಬಿಸಿಲಿಗೆ ಸೋತು ನಿಂತುಹೋದ ಮೋಟಾರು ಗಾಡಿಯೊಂದರ ಪಕ್ಕದಲ್ಲಿ ಅದು ದೊರೆಯಿತು.

2016ನೆಯ ಇಸವಿಯ ಬೇಸಿಗೆಯಲ್ಲಿ ನಮ್ಮ ಅಣ್ಣನ ಮಗನ ಒತ್ತಾಯಕ್ಕೆ ಮಣಿದು ಓಹಾಯೊ ರಾಜ್ಯದ ಝೀನಿಯಾ ಎಂಬ ಊರಿಗೆ ಹೋಗಿದ್ದೆವು. ಅವನ ನೆರೆಮನೆಯಲ್ಲಿ ಎಂಬತ್ತರ ಅಂಚಿನಲ್ಲಿದ್ದ ವೃದ್ಧರೊಬ್ಬರು ವಾಸವಾಗಿದ್ದರು. ಯಂತ್ರದ ಹತಾರಗಳನ್ನು ತಯಾರಿಸುವ ಕಾರ್ಯಾಗಾರದಲ್ಲಿ ಜೀವಮಾನವಿಡೀ ದುಡಿದವರು. ಪ್ರತಿದಿನ ಸಂಜೆ ಅವರ ಮನೆಯ ಶೆಡ್ಡಿನಿಂದ ಗುಡುಗಿನಂಥ ಒಂದು ಸದ್ದು ಕೇಳಿಬರುತ್ತಿತ್ತು. ವಿಚಾರಿಸಲಾಗಿ, "ಕಾಕಾ, ಅದು ಅಜ್ಜಾರ ಹಾಟ್ ರಾಡ್. ಮುಂದಿನ ವಾರ ಲೂಯಿವಿಲ್ ಮೇಳಕ್ಕ ಹೊಂಟಾರ. ನಮ್ಮನ್ನೂ ಕರದಾರ" ಎಂದು ಹುಡುಗ ಹೇಳಿದನು.

ಹಾಟ್ ರಾಡ್ ಎಂದರೇನು?

ವಾಚಕರಿಗೆ ಈ ಹೆಸರು ಹೊಸದೆನಿಸಬಹುದು. ಹಳೆಯ ಕಾರೊಂದನ್ನು ಕೊಂಡು, ಅದರ ಭಾರವನ್ನು ಇಳಿಸಿ, ಯಂತ್ರದ ಬಲವನ್ನು ಹೆಚ್ಚಿಸಿ, ತನ್ನ ಅಭಿರುಚಿಗೆ ತಕ್ಕಂತೆ ಸ್ವಂತ ಕೈಯಿಂದ ಮರುನಿರ್ಮಿಸಿದ ವಾಹನಕ್ಕೆ ಅಲ್ಲಿ ಹಾಟ್ ರಾಡ್ ಎನ್ನುತ್ತಾರೆ. ಕಾರ್ಖಾನೆಯಿಂದ ಹೊರಬಂದ ರೂಪದಲ್ಲಿಯೇ ಕಾಪಾಡಿದ ಪುರಾತನ ಕಾರಿಗೂ ಇದಕ್ಕೂ ಇರುವ ವ್ಯತ್ಯಾಸವೇ ಇದು. ಅಲ್ಲಿ ಉಳಿಸಿಕೊಂಡವನ ಶ್ರದ್ಧೆ ಕಾಣುತ್ತದೆ. ಇಲ್ಲಿ ಮಾಡಿದವನ ಕೈ ಕಾಣುತ್ತದೆ.

ಈ ಕಥೆಯ ಮೂಲದಲ್ಲಿರುವುದು ಹೆನ್ರಿ ಫೋರ್ಡ್ ಅವರ ಕಾರ್ಖಾನೆ. 1908ರಿಂದ 1927ರವರೆಗೆ ಅಲ್ಲಿ ಒಂದೂವರೆ ಕೋಟಿ 'ಮಾಡೆಲ್ ಟಿ' ಕಾರುಗಳು ತಯಾರಾದವು. ಎಂಟು ಸಿಲಿಂಡರಿನ ಯಂತ್ರವು ಸಿರಿವಂತರ ಗಾಡಿಗಳಿಗೆ ಮೀಸಲಾಗಿದ್ದ ಆ ಕಾಲದಲ್ಲಿ, ಅದರ ಬ್ಲಾಕನ್ನು ಒಂದೇ ಎರಕದಲ್ಲಿ ಹೊಯ್ಯುವ ವಿಧಾನವನ್ನು ಸಾಧಿಸಿ, 1932ರಲ್ಲಿ ಫೋರ್ಡ್ ಸಂಸ್ಥೆಯು 65 ಅಶ್ವಶಕ್ತಿಯ 'ವಿ–8' ಯಂತ್ರವನ್ನು ಸಾಮಾನ್ಯರ ಕಾರಿನಲ್ಲಿ ಅಳವಡಿಸಿತು. ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ವರ್ಷವದು. ಆ ಕಾರುಗಳು ಕೈಬದಲಾಗಿ ಅಗ್ಗವಾದಂತೆ ದಕ್ಷಿಣ ಕ್ಯಾಲಿಫೋರ್ನಿಯದ ಬಡ ತರುಣರು ಅವನ್ನು ಕೊಂಡರು. ಮಡ್‌ಗಾರ್ಡು, ಬಂಪರುಗಳನ್ನು ಕಳಚಿದರು. ಮ್ಯೂರಾಕ್ ಮೊದಲಾದ ಒಣಗಿದ ಕೆರೆಗಳ ಗಟ್ಟಿ ಮಣ್ಣಿನ ಬಯಲಿನಲ್ಲಿ ಓಡಿಸಿ ವೇಗವನ್ನು ಪರೀಕ್ಷಿಸಿದರು. ಇಂಥ ಕ್ಲಬ್ಬುಗಳನ್ನು ಒಂದುಗೂಡಿಸಿ 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘವು ಸ್ಥಾಪನೆಗೊಂಡಿತು.

ಎರಡನೆಯ ಮಹಾಯುದ್ಧ ಮುಗಿದು, ಸೈನ್ಯದಲ್ಲಿ ಯಂತ್ರವಿದ್ಯೆ ಕಲಿತ ತರುಣರು ಮನೆಗೆ ಮರಳಿದ ಮೇಲೆ ಈ ಹವ್ಯಾಸ ಬೆಳೆಯಿತು. ಅದರೊಡನೆ ಅಪವಾದವೂ ಬೆಳೆಯಿತು. ಊರಿನ ಬೀದಿಗಳಲ್ಲಿಯೇ ಪಂದ್ಯಗಳು ನಡೆದವು, ಅಪಘಾತಗಳಾದವು. ಹಾಟ್ ರಾಡ್ ಹುಡುಗನೆಂದರೆ ಪುಂಡನೆಂದೇ ಜನ ಭಾವಿಸಿದರು. ಆ ಅಪವಾದವನ್ನು ತೊಡೆಯಲು ಅವರಲ್ಲಿಯೇ ವಿವೇಕಿಗಳಾದವರು ಎರಡು ಹಾದಿಗಳನ್ನು ಕಂಡುಕೊಂಡರು. ಒಂದು, ದೂರದ ಪ್ರಯಾಣ. 1947ರಲ್ಲಿ ಪ್ಯಾಸಡೀನದಲ್ಲಿ ನಡೆದ 'ರಿಲಯಬಿಲಿಟಿ ರನ್' ಅಂಥದು. ಗಾಡಿ ನಂಬಿಕೆಗೆ ಅರ್ಹವೇ, ಚಾಲಕನು ರಸ್ತೆಯ ನಿಯಮಗಳಿಗೆ ತಲೆಬಾಗಬಲ್ಲನೇ ಎಂಬುದರ ಪರೀಕ್ಷೆ ಅದು. ಇನ್ನೊಂದು, ಪ್ರದರ್ಶನ. 1948ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಹಾಟ್ ರಾಡ್‌ಗಳ ಪ್ರದರ್ಶನ ನಡೆಯಿತು. ರಾಬರ್ಟ್ ಪೀಟರ್ಸನ್ ಅವರ 'ಹಾಟ್ ರಾಡ್' ಮಾಸಪತ್ರಿಕೆ ಹುಟ್ಟಿದ್ದೂ ಆ ತಿಂಗಳಿನಲ್ಲಿಯೇ. 1950ರಿಂದ ಓಕ್ಲಂಡ್ ನಗರದ ಮೇಳದಲ್ಲಿ ಅತ್ಯಂತ ಸುಂದರವಾದ ಗಾಡಿಗೆ ಆಳೆತ್ತರ ಮೀರಿದ ಪಾರಿತೋಷಕವನ್ನು ಕೊಡುವ ಪದ್ಧತಿ ಆರಂಭವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಅವರು ಸ್ಥಾಪಿಸಿದ ರಾಷ್ಟ್ರೀಯ ಸಂಘವು ಪಂದ್ಯಗಳನ್ನು ಬೀದಿಯಿಂದ ಬಿಡಿಸಿ ಗೊತ್ತಾದ ಕಣಗಳಿಗೆ ಒಯ್ಯಲು ಶ್ರಮಿಸಿತು.

ಒಂದು ಕಾಲಕ್ಕೆ ಪೊಲೀಸರು ಅಟ್ಟಿಸಿಕೊಂಡು ಹೋಗುತ್ತಿದ್ದ ಈ ಗಾಡಿಗಳಿಗೆ 1997ರಲ್ಲಿ ಪೆಬಲ್ ಬೀಚ್ ಎಂಬಲ್ಲಿನ ಸಿರಿವಂತರ ಕಾರು ಪ್ರದರ್ಶನದಲ್ಲಿಯೂ ಪ್ರತ್ಯೇಕ ವಿಭಾಗ ದೊರೆಯಿತು. ಡೋನ್ ಸ್ಪೆನ್ಸರ್ ಎಂಬುವರು 1940ರ ದಶಕದಲ್ಲಿ ರೂಪಿಸಿದ, 1932ರ ಫೋರ್ಡ್ ಗಾಡಿಗೆ ಅಲ್ಲಿ ಪ್ರಥಮ ಬಹುಮಾನ ಬಂದಿತು. 2014ರಲ್ಲಿ ಅಮೆರಿಕದ ಅಂಚೆ ಇಲಾಖೆಯು 1932ರ ಫೋರ್ಡ್ ಹಾಟ್ ರಾಡ್‌ಗಳ ಚಿತ್ರವುಳ್ಳ ಅಂಚೆಚೀಟಿಗಳನ್ನೂ ಹೊರತಂದಿತು.

ಮರ್ಯಾದೆ ಬಂದಾಗ ಅದರ ಬೆನ್ನಿಗೇ ಒಂದು ದೋಷವೂ ಬಂದಿತು. ಬಹುಮಾನಕ್ಕಾಗಿಯೇ ನಿರ್ಮಿಸಿ, ದೂಳು ತಾಗೀತೆಂದು ರಸ್ತೆಗೆ ಇಳಿಸದೆ, ಮುಚ್ಚಿದ ಟ್ರೇಲರಿನಲ್ಲಿ ಹೊತ್ತು ತರುವ ಕಾರುಗಳು ಹೆಚ್ಚಾದವು. ಇಂಥವನ್ನು ಅಲ್ಲಿಯ ಹಳಬರು 'ಟ್ರೇಲರ್ ಕ್ವೀನ್' ಎಂದು ಹಾಸ್ಯ ಮಾಡುತ್ತಾರೆ. ನೆಲಕ್ಕೆ ಕಾಲೂರದೆ ಬಂಡಿಯೇರಿಯೇ ಬರುವ ಮಹಾರಾಣಿಯೆಂದು ಅದರ ಭಾವ.

ಅಜ್ಜ, ಮೊಮ್ಮಗ ಮತ್ತು ಗಾಡಿ

ನೆರೆಮನೆಯ ಅಜ್ಜನವರ ಗಾಡಿಯೂ 1932ರ ಫೋರ್ಡ್. ಎರಡು ಬಾಗಿಲಿನ, ನಾಲ್ವರು ಕೂರಬಹುದಾದ 'ಟ್ಯೂಡರ್' ಮಾದರಿಯದು. ತಮ್ಮ ತಾರುಣ್ಯದಲ್ಲಿ ರೈತನೊಬ್ಬನ ಕೊಟ್ಟಿಗೆಯಲ್ಲಿ ಕೋಳಿಗಳು ಗೂಡುಕಟ್ಟಿದ್ದ ಅದರ ಒಡಲನ್ನು ಗುಜರಿಯ ಬೆಲೆಗೆ ಕೊಂಡು, ವರ್ಷಗಟ್ಟಲೆ ಸಂಜೆಯ ವೇಳೆಯಲ್ಲಿ ಕಟ್ಟಿದ್ದರು. ಮೂಲದ ಸಲಾಕೆಗಳ ಬ್ರೇಕನ್ನು ತೆಗೆದು 1939ರ ಮಾದರಿಯ ಹೈಡ್ರಾಲಿಕ್ ಬ್ರೇಕನ್ನು ಕೂಡಿಸಿದ್ದರು. ಆಸನಗಳ ಹೊದಿಕೆಯನ್ನು ಅವರ ದಿವಂಗತ ಪತ್ನಿ ಹೊಲಿದಿದ್ದರು. ಇಂದು ಬಹುಮಂದಿ ಹೊಸ ಕಾಲದ ಯಂತ್ರವನ್ನು ಅಳವಡಿಸಿಕೊಳ್ಳುತ್ತಾರೆ. ಅಜ್ಜನವರು ಮಾತ್ರ ಹಳೆಯ 'ಫ್ಲಾಟ್‌ಹೆಡ್' ಯಂತ್ರವನ್ನೇ ಉಳಿಸಿಕೊಂಡಿದ್ದರು. ಈ ಯಂತ್ರದಲ್ಲಿ ಸುಟ್ಟ ಹೊಗೆಯು ಬ್ಲಾಕಿನೊಳಗಿನ ನೀರಿನ ಕೋಶಗಳ ನಡುವೆಯೇ ಹಾದು ಹೊರಬೀಳುವುದರಿಂದ ನೀರು ಬೇಗ ಕಾಯುತ್ತದೆ. ಬೇಸಿಗೆಯ ಪ್ರಯಾಣದಲ್ಲಿ ಅದನ್ನು ಪಳಗಿಸುವುದೇ ಒಂದು ವಿದ್ಯೆ.

ಅವರೆದುರು ಆಗ ಒಂದು ಇಕ್ಕಟ್ಟು ಇತ್ತು. ಕಣ್ಣಿನ ಶಕ್ತಿ ಕುಂದಿತ್ತು. ದೂರದ ಚಾಲನೆಯನ್ನು ನಿಲ್ಲಿಸುವಂತೆ ವೈದ್ಯರು ಹೇಳಿದ್ದರು. ಸಂಗ್ರಾಹಕರೊಬ್ಬರು ದೊಡ್ಡ ಮೊತ್ತಕ್ಕೆ ಗಾಡಿಯನ್ನು ಕೇಳಿದ್ದರು. ಅದನ್ನು ಗಾಜಿನ ಕೋಣೆಯಲ್ಲಿ ಹವೆ ಹದಗೊಳಿಸಿ ಇಡುವುದಾಗಿ ಮಾತು ಕೊಟ್ಟಿದ್ದರು. ಇತ್ತ ಇಪ್ಪತ್ತೆರಡರ ಹರೆಯದ ಮೊಮ್ಮಗನಿಗೆ ಗಾಡಿಯ ಮೇಲೆ ಆಸೆ. ಆದರೆ ಹುಡುಗನದು ಆಸೆ ಮಾತ್ರವೋ, ಅರಿವೂ ಇದೆಯೋ ಎಂಬ ಸಂದೇಹ ಅಜ್ಜನವರಿಗೆ. "ಲೂಯಿವಿಲ್‌ನಿಂದ ಬಂದ ಮೇಲೆ ಹೇಳುತ್ತೇನೆ" ಎಂದಷ್ಟೇ ಇಬ್ಬರಿಗೂ ಹೇಳಿದ್ದರು.

ನಲವತ್ತೆರಡನೆಯ ಹೆದ್ದಾರಿ

ಆಗಸ್ಟ್ ತಿಂಗಳ ಒಂದು ನಸುಕಿನಲ್ಲಿ ನಾಲ್ವರೂ ಹೊರಟೆವು. ಅಜ್ಜ ಚಾಲಕರ ಸ್ಥಾನದಲ್ಲಿ, ಮೊಮ್ಮಗ ಅವರ ಪಕ್ಕದಲ್ಲಿ, ನಾವೂ ನಮ್ಮ ಹುಡುಗನೂ ಹಿಂದೆ. ಸೊಸೆ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಗಂಟು ನಮ್ಮ ತೊಡೆಯ ಮೇಲೆ. ವೇಗದ ಹೊಸ ಹೆದ್ದಾರಿಯನ್ನು ಬಿಟ್ಟು, ಊರೂರುಗಳ ನಡುವೆ ಹಾಯುವ ಹಳೆಯ 42ನೆಯ ಹೆದ್ದಾರಿಯನ್ನು ಅಜ್ಜನವರು ಹಿಡಿದರು. ಸುಮಾರು 160 ಮೈಲುಗಳ ದಾರಿ. ಗಂಟೆಗೆ 50 ಮೈಲಿಗೆ ಮೀರದ ನಡೆ.

ಇಕ್ಕೆಲಗಳಲ್ಲಿ ಮೆಕ್ಕೆಜೋಳ, ಸೋಯಾ ಅವರೆಯ ಹೊಲಗಳು. ಲೆಬನಾನ್ ಎಂಬ ಊರಿನಲ್ಲಿ 1803ರಲ್ಲಿ ಆರಂಭವಾದ ಗೋಲ್ಡನ್ ಲ್ಯಾಂಬ್ ಛತ್ರದೆದುರು ಗಾಡಿ ನಿಲ್ಲಿಸಿ ನೀರು, ಎಣ್ಣೆಗಳನ್ನು ನೋಡಿಕೊಂಡರು. ಸಿನ್ಸಿನಾಟಿ ನಗರದಲ್ಲಿ ಓಹಾಯೊ ನದಿಯನ್ನು ದಾಟುವಾಗ, ಜಾನ್ ರೋಬ್ಲಿಂಗ್ ಅವರು ನಿರ್ಮಿಸಿದ, 1867ರಿಂದ ವಾಹನಗಳನ್ನು ಹೊತ್ತಿರುವ ತೂಗುಸೇತುವೆ ಪಕ್ಕದಲ್ಲಿ ಕಾಣಿಸಿತು. "ಅದು ಗಾಜಿನ ಕೋಣೆಯಲ್ಲಿಲ್ಲ" ಎಂದು ಅಜ್ಜನವರು ತಮ್ಮಷ್ಟಕ್ಕೆ ನುಡಿದದ್ದು ನಮಗೆ ಕೇಳಿಸಿತು.

ನಗರದ ದಟ್ಟಣೆಯಲ್ಲಿ ನಿಂತು ನಿಂತು ಸಾಗಿ ಯಂತ್ರ ಕಾದಿತ್ತು. ನದಿಯ ದಂಡೆಯ ವಾರ್ಸಾ ಎಂಬ ಪುಟ್ಟ ಊರಿನ ಬಳಿ ಎರಡು ಬಾರಿ ಕೆಮ್ಮಿ, ಗಾಡಿ ನಿಂತೇ ಹೋಯಿತು. ಅಜ್ಜನವರು ಕೆಳಗಿಳಿದು, ಮರದ ನೆರಳಿನಲ್ಲಿ ಕುಳಿತು, ನಮ್ಮ ರೊಟ್ಟಿಯ ಗಂಟನ್ನು ಬಿಚ್ಚಿಸಿ, ಇದಾವ ಧಾನ್ಯವೆಂದು ವಿಚಾರಿಸತೊಡಗಿದರು. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಮೊಮ್ಮಗ ಮೊದಲು ಗಾಬರಿಯಾದನು. ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚಿ, ಬಿಸಿ ನೀರು ಮುಖಕ್ಕೆ ಚಿಮ್ಮೀತೆಂದು ನೆನಪಾಗಿ ಹಿಂತೆಗೆದನು. ಕಿಡಿ ಬರುತ್ತಿದೆಯೇ ಎಂದು ನೋಡಿದನು, ಬರುತ್ತಿತ್ತು. ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲಿನ ನಳಿಕೆಯನ್ನು ಬಿಚ್ಚಿ ಪರೀಕ್ಷಿಸಿದನು, ಹನಿಯೂ ಬರಲಿಲ್ಲ. ಆಗ ಅವನ ಮುಖದಲ್ಲಿ ತಿಳಿವು ಮೂಡಿತು. ಆ ಯಂತ್ರದ ಪೆಟ್ರೋಲ್ ಪಂಪು ಯಂತ್ರದ ನೆತ್ತಿಯ ಮೇಲೆಯೇ ಕೂತಿರುತ್ತದೆ. ಕಾವಿಗೆ ಒಳಗಿನ ಪೆಟ್ರೋಲು ಆವಿಯಾದರೆ, ದ್ರವವನ್ನು ಎತ್ತಬೇಕಾದ ಪಂಪು ಬರಿಯ ಆವಿಯನ್ನು ಹಿಸುಕುತ್ತ ನಿಷ್ಫಲವಾಗುತ್ತದೆ. ಹುಡುಗ ತನ್ನ ಅಂಗಿಯನ್ನು ಕಳಚಿ, ನೀರಿನಲ್ಲಿ ಅದ್ದಿ, ಪಂಪಿಗೂ ನಳಿಕೆಗೂ ಸುತ್ತಿದನು. ಹತಾರದ ಪೆಟ್ಟಿಗೆಯಲ್ಲಿ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳಿದ್ದವು. ನಳಿಕೆಗೆ ಅವನ್ನು ಸಾಲಾಗಿ ಸಿಕ್ಕಿಸಿದರೆ ಕಾವು ತಗ್ಗುತ್ತದೆಂದು ಹಳಬರ ನಂಬಿಕೆ. ಅದರಿಂದ ಉಪಯೋಗವಿಲ್ಲವೆಂದು ವಾದಿಸುವವರೂ ಇದ್ದಾರೆ. ಹುಡುಗ ಅವನ್ನೂ ಸಿಕ್ಕಿಸಿದನು. ಅರ್ಧ ಗಂಟೆ ಯಾರನ್ನೂ ಕೇಳದೆ ಸುಮ್ಮನೆ ಕಾದನು. ಮತ್ತೆ ಚಾಲೂ ಮಾಡಿದಾಗ ಯಂತ್ರ ಗುಡುಗಿತು.

ಅಜ್ಜನವರು ಎದ್ದು ಬಂದರು. ಒಂದು ಮಾತೂ ಆಡಲಿಲ್ಲ. ಮುಂದಿನ ಆಸನವನ್ನು ಬಾಗಿಸಿ, ಕಷ್ಟಪಟ್ಟು ಒಳಗೆ ಹತ್ತಿ, ಹಿಂದೆ ನಮ್ಮ ಪಕ್ಕದಲ್ಲಿ ಕುಳಿತರು. ನಮ್ಮ ಹುಡುಗ ಮುಂದಕ್ಕೆ ಹೋದನು. ಮೊಮ್ಮಗ ಬರಿಯ ಬನಿಯನ್ನಿನಲ್ಲಿಯೇ ಚಾಲಕನ ಸ್ಥಾನದಲ್ಲಿ ಕುಳಿತು, ಕನ್ನಡಿಯಲ್ಲಿ ಒಮ್ಮೆ ಅಜ್ಜನ ಮುಖ ನೋಡಿ, ಗಾಡಿಯನ್ನು ಮುನ್ನಡೆಸಿದನು. ಮುಂದಿನ ಅರುವತ್ತು–ಎಪ್ಪತ್ತು ಮೈಲಿ ಅಜ್ಜನವರು ಯಂತ್ರದ ಸದ್ದನ್ನು ಆಲಿಸುತ್ತಿದ್ದರು. ತಾನು ಕಟ್ಟಿದ ಗಾಡಿಯ ಹಿಂದಿನ ಆಸನದಲ್ಲಿ ತಾನು ಇಷ್ಟು ದೂರ ಕುಳಿತದ್ದು ಇದೇ ಮೊದಲೆಂದು ಆಮೇಲೆ ಹೇಳಿದರು.

ಲೂಯಿವಿಲ್ ಮೇಳ

'ಸ್ಟ್ರೀಟ್ ರಾಡ್ ನ್ಯಾಷನಲ್ಸ್' ಎಂಬ ಈ ಮೇಳ ಮೊದಲು ನಡೆದದ್ದು 1970ರಲ್ಲಿ, ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. ನಾವು ಹೋದಾಗ ಕೆಂಟಕಿ ಎಕ್ಸ್‌ಪೊಸಿಷನ್ ಸೆಂಟರಿನ ವಿಶಾಲವಾದ ಆವರಣವು ಕಣ್ಣು ಹಾಯುವಷ್ಟು ದೂರ ಗಾಡಿಗಳಿಂದ ತುಂಬಿತ್ತು. ಮೊದಲು 1948ನೆಯ ಇಸವಿಯವರೆಗಿನ ಗಾಡಿಗಳಿಗಷ್ಟೇ ಇದ್ದ ಪ್ರವೇಶವನ್ನು ಆ ಬಳಿಕ 30 ವರ್ಷ ಮೀರಿದವಕ್ಕೂ ವಿಸ್ತರಿಸಿದ್ದರು. ಅಲ್ಲಿ ನಮಗೆ ಮೆಚ್ಚುಗೆಯಾದದ್ದು ಬ್ರೇಕು, ಸ್ಟೀರಿಂಗು, ದೀಪ ಮೊದಲಾದ 23 ಅಂಶಗಳ ಸುರಕ್ಷತಾ ತಪಾಸಣೆ. ಪುಂಡರೆನಿಸಿಕೊಂಡವರ ಪರಂಪರೆಯೇ ತನಗೆ ತಾನು ಹಾಕಿಕೊಂಡ ಕಟ್ಟು ಇದು. ಜಾತ್ರೆಯ ಬಯಲಿನಂತೆ ಅಜ್ಜಿಯರು ಮಡಚುವ ಕುರ್ಚಿ ಹಾಕಿ ಕುಳಿತಿದ್ದರು, ಮಕ್ಕಳು ಆಡುತ್ತಿದ್ದರು, ಬಿಡಿಭಾಗಗಳ ಅಂಗಡಿಗಳಲ್ಲಿ ಚೌಕಾಸಿ ನಡೆದಿತ್ತು.

ಅಲ್ಲಿ ಮನೆಯೊಂದರ ಬೆಲೆ ಬಾಳುವ, ಕನ್ನಡಿಯಂತೆ ಹೊಳೆಯುವ ಗಾಡಿಗಳಿದ್ದವು. ಇದೆಲ್ಲ ವ್ಯರ್ಥ ಆಡಂಬರವಲ್ಲವೇ, ಇಂಧನದ ಅಪವ್ಯಯವಲ್ಲವೇ ಎಂಬ ವಿಚಾರ ನಮ್ಮ ಮನಸ್ಸಿಗೆ ಬಾರದಿರಲಿಲ್ಲ. ಕೆಲವಕ್ಕೆ ಆ ಮಾತು ಸಲ್ಲುತ್ತದೆ. ಆದರೆ ನಮ್ಮ ಗಾಡಿಯೆದುರು ನಿಂತವರು ಬಣ್ಣವನ್ನು ನೋಡಲಿಲ್ಲ, ಮುಂಭಾಗಕ್ಕೆ ಅಂಟಿದ್ದ ದೂಳನ್ನೂ ಹುಳುಗಳನ್ನೂ ನೋಡಿ, "ಓಡಿಸಿಕೊಂಡೇ ಬಂದಿರಾ?" ಎಂದು ಕೇಳುತ್ತಿದ್ದರು. ಮೊಮ್ಮಗ ನಾಚಿ ಒರೆಸುವ ಬಟ್ಟೆ ತೆಗೆದನು. ಅಜ್ಜನವರು ಅವನ ಕೈ ಹಿಡಿದು ತಡೆದು, "ಇರಲಿ, ನಮ್ಮ ಬಹುಮಾನ ಅದೇ" ಎಂದರು.

ಊರಿಗೆ ಮರಳಿದ ದಿನ ಅಜ್ಜನವರು ಸಂಗ್ರಾಹಕರಿಗೆ ಫೋನು ಮಾಡಿ ವಿನಯದಿಂದ ನಿರಾಕರಿಸಿದರು. ಮೊಮ್ಮಗನಿಗೆ ಕೀಲಿಕೈಯೊಡನೆ ಒಂದೇ ಷರತ್ತು ವಿಧಿಸಿದರು: ವರ್ಷಕ್ಕೊಮ್ಮೆಯಾದರೂ ಗಾಡಿ ದೂರದ ದಾರಿ ಕಾಣಬೇಕು. ಅಜ್ಜನವರು 2021ರಲ್ಲಿ ತೀರಿಕೊಂಡರೆಂದು ನಮ್ಮ ಹುಡುಗ ತಿಳಿಸಿದನು. ಮರುವರ್ಷದ ಆಗಸ್ಟಿನಲ್ಲಿ ಮೊಮ್ಮಗ ಅದೇ 42ನೆಯ ಹೆದ್ದಾರಿಯಲ್ಲಿ ಲೂಯಿವಿಲ್‌ಗೆ ಹೋಗಿಬಂದನಂತೆ. ಮರದ ಕ್ಲಿಪ್ಪುಗಳು ಇನ್ನೂ ನಳಿಕೆಯ ಮೇಲೆಯೇ ಇವೆಯಂತೆ.

ಹಿರಿಯರು ಬಿಟ್ಟುಹೋದ ವಸ್ತುಗಳು ನಮ್ಮೆಲ್ಲರ ಮನೆಗಳಲ್ಲಿಯೂ ಇವೆ. ಅವನ್ನು ಮಕ್ಕಳಿಗೆ ಒಪ್ಪಿಸುವಾಗ ವಸ್ತುವನ್ನು ಮಾತ್ರ ಕೊಟ್ಟರೆ ಅದು ಅಟ್ಟವನ್ನೋ ಮಾರುಕಟ್ಟೆಯನ್ನೋ ಸೇರುತ್ತದೆ. ಕೆಟ್ಟಾಗ ಅದನ್ನು ಸರಿಪಡಿಸುವ ಅರಿವನ್ನೂ ಕೂಡಿಯೇ ಕೊಡಬೇಕು. ಅವರು ಸರಿಪಡಿಸುತ್ತಿರುವಾಗ ಮರದ ನೆರಳಿನಲ್ಲಿ ಸುಮ್ಮನೆ ಕುಳಿತಿರುವ ತಾಳ್ಮೆ ನಮ್ಮಲ್ಲಿಯೂ ಇರಬೇಕು. ನಾವು ಊರಿಗೆ ಬಂದ ವಾರವೇ ಅಟ್ಟದ ಹಂಡೆಯನ್ನು ಇಳಿಸಿ, ಕಲಾಯಿ ಹಾಕಿಸಿ, ಒಲೆಯ ಮೇಲೆ ಇರಿಸಿದೆವು. ಈಗ ಅದರ ತಳ ಕಪ್ಪಾಗಿದೆ.