ರೀಫಂಡ್ ಬಂದಿದೆ ಎನ್ನುವ ಮೇಲ್

ಜುಲೈ ಬಂತೆಂದರೆ ಡೊಂಬಿವಲಿಯ ನಮ್ಮ ಕಟ್ಟಡದ ಹಿರಿಯರು ಫೋನ್ ಹಿಡಿದು ನನ್ನ ಬಾಗಿಲು ತಟ್ಟುತ್ತಾರೆ. ‘ತೆರಿಗೆ ರೀಫಂಡ್ ಬಂದಿದೆಯಂತೆ, ಒಮ್ಮೆ ನೋಡು ಮಾರಾಯ.’ ಮೇಲ್‌ನಲ್ಲಿ ಲಾಂಛನ, ಸಹಿ ಎಲ್ಲವೂ ಅಚ್ಚುಕಟ್ಟು. ನಾನು ನೋಡುವುದು ಕಳುಹಿಸಿದವರ ವಿಳಾಸದ ಬಾಲವನ್ನು. ಇಲಾಖೆಯದಾದರೆ ಅದು ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯಬೇಕು. ಸರಿಯಿದ್ದಂತೆ ಕಂಡರೂ ಲಿಂಕ್ ಒತ್ತುವುದು ಬೇಡ. ವಿಳಾಸಕ್ಕೂ ವೇಷ ಹಾಕಬಹುದು. ರೀಫಂಡ್ ಇದೆಯೋ ಇಲ್ಲವೋ ಪೋರ್ಟಲ್‌ಗೆ ನಾವೇ ಲಾಗಿನ್ ಆಗಿ ನೋಡಬಹುದಲ್ಲ! ಪಿನ್, ಪಾಸ್‌ವರ್ಡ್‌ಗಳನ್ನು ಇಲಾಖೆ ಮೇಲ್‌ನಲ್ಲಿ ಕೇಳುವುದೇ ಇಲ್ಲ.

ಅಳಿಸಿದರೆ ಸಾಲದೇ ಎನ್ನುತ್ತಾರೆ. ಸಾಲದು. ಅದೇ ಮೇಲ್ ಇನ್ನೆಷ್ಟೋ ಮನೆಗಳಿಗೆ ಹೋಗಿರುತ್ತದೆ. ಇಲಾಖೆಯ ಜಾಲತಾಣದಲ್ಲಿ ಕೊಟ್ಟಿರುವ ವಿಳಾಸಕ್ಕೂ ‘ಸರ್ಟ್-ಇನ್’ ಸಂಸ್ಥೆಗೂ ಫಾರ್ವರ್ಡ್ ಮಾಡಿ, ಆಮೇಲೆ ಅಳಿಸಿ.

ವಿವರ ಕೊಟ್ಟು ದುಡ್ಡು ಹೋಗಿದ್ದರೆ ಮಾತೇ ಬೇರೆ. ಮೊದಲು ಬ್ಯಾಂಕಿಗೆ, ಕೂಡಲೇ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆದರಷ್ಟೇ ಉಳಿಯುತ್ತದೆ. ನಮ್ಮಲ್ಲೊಬ್ಬರು, ಬದುಕಿಡೀ ಕ್ಯಾಂಟೀನ್ ನಡೆಸಿ ದುಡಿದವರು, ಮಗನಿಗೆ ಗೊತ್ತಾದೀತೆಂದು ಎರಡು ದಿನ ಬಾಯಿ ಬಿಡಲಿಲ್ಲ. ಎರಡನೆಯ ದಿನವೂ ಖಾತೆಯಿಂದ ಹಣ ಹೋಯಿತು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕ ತಾನೇ ಪಾಸ್‌ವರ್ಡ್ ಕೊಟ್ಟಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ಮೊದಲ ದಿನವೇ ಹೇಳಿದ್ದರೆ ಆ ಎರಡನೆಯ ಮೊತ್ತವಾದರೂ ಅವರಿಗೆ ದಕ್ಕುತ್ತಿತ್ತು. ದೂರಿನ ಸಂಖ್ಯೆಯನ್ನು ಮಾತ್ರ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲಿ ಹೋದರೂ ಅದನ್ನೇ ಕೇಳುತ್ತಾರೆ.