ಮದ್ದಿಗೆ ಮದ್ದೇ ಎದುರಾದಾಗ

ಮನೆಯ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಹೃದಯದ ಕವಾಟ ಕೆಟ್ಟು, ಶಸ್ತ್ರಕ್ರಿಯೆಯಾಗಿ, ಅದರ ಸ್ಥಾನದಲ್ಲಿ ಕೃತಕ ಕವಾಟವೊಂದು ಬಂದಿದೆ. ಅಂದಿನಿಂದ ದಿನಕ್ಕೊಂದು ಪುಟ್ಟ ಮಾತ್ರೆ ತಪ್ಪಿದ್ದಿಲ್ಲ. ಹೀಗಿರುವಾಗ ಯಾವುದೋ ಮದುವೆಯ ಊಟ ಒಗ್ಗದೆ ಭೇದಿ ಹಿಡಿಯಿತು. ಬೀದಿಯ ತಿರುವಿನ ಔಷಧದ ಅಂಗಡಿಯಿಂದ ಮಗ ನಾಲ್ಕು ದಿನದ ಮಾತ್ರೆ ತಂದುಕೊಟ್ಟ. ಭೇದಿ ನಿಂತಿತು, ಮನೆಮಂದಿ ನೆಮ್ಮದಿಗೊಂಡರು. ಆದರೆ ವಾರ ಕಳೆಯುವುದರೊಳಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಒಸರಿತು. ಪೆಟ್ಟು ಬೀಳದೆಯೇ ತೋಳಿನ ಮೇಲೆ ನೀಲಿ ಕಲೆಗಳು ಮೂಡಿದವು. ಇದು ಯಾವ ಮಾತ್ರೆಯ ತಪ್ಪು? ಎರಡೂ ಒಳ್ಳೆಯ ಮದ್ದುಗಳೇ. ಒಂದನ್ನೊಂದು ಅರಿಯದೆ ಅವು ಒಂದೇ ದೇಹದಲ್ಲಿ ಸಂಧಿಸಿದುದೇ ಅನರ್ಥಕ್ಕೆ ಮೂಲ.

ಆ ಪುಟ್ಟ ಮಾತ್ರೆಯ ಹೆಸರು ವಾರ್ಫರಿನ್. ನಮ್ಮಲ್ಲಿ ಅದರ ಸೋದರನಾದ ಅಸೆನೊಕೌಮರಾಲ್ ಕೂಡ ಬಳಕೆಯಲ್ಲಿದೆ. ಇವನ್ನು ‘ರಕ್ತ ತೆಳುಮಾಡುವ ಮದ್ದು’ ಎನ್ನುವುದುಂಟು. ವಾಸ್ತವವಾಗಿ ರಕ್ತವೇನೂ ನೀರಾಗುವುದಿಲ್ಲ; ಅದು ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅಷ್ಟೆ. ಹೆಪ್ಪುಗಟ್ಟಲು ಬೇಕಾದ ಕೆಲವು ವಸ್ತುಗಳನ್ನು ಯಕೃತ್ತು ‘ಕೆ’ ಜೀವಸತ್ವದ ನೆರವಿನಿಂದ ಸಿದ್ಧಪಡಿಸುತ್ತದೆ. ವಾರ್ಫರಿನ್ ಆ ನೆರವಿಗೆ ಅಡ್ಡಿಯಾಗುತ್ತದೆ.

ಈ ಮದ್ದಿನ ಹುಟ್ಟಿನ ಕಥೆಯೂ ಸ್ವಾರಸ್ಯವಾದುದು. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ನಿಲ್ಲದ ರಕ್ತಸ್ರಾವದಿಂದ ಸಾಯತೊಡಗಿದವು. ಬೂಷ್ಟು ಹಿಡಿದ ‘ಸ್ವೀಟ್ ಕ್ಲೋವರ್’ ಎಂಬ ಮೇವೇ ಅದಕ್ಕೆ ಕಾರಣವೆಂದು ಪಶುವೈದ್ಯರು ಕಂಡುಕೊಂಡರು. 1933ರ ಚಳಿಗಾಲದಲ್ಲಿ ರೈತನೊಬ್ಬನು ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಬಾಗಿಲಿಗೆ ಬಂದನು. ಲಿಂಕ್ ಮತ್ತು ಸಂಗಡಿಗರು ಆರು ವರ್ಷ ದುಡಿದು 1939ರಲ್ಲಿ ಆ ಮೇವಿನೊಳಗಿನ ವಿಷವನ್ನು ಬೇರ್ಪಡಿಸಿದರು. ಅದೇ ಜಾತಿಗೆ ಸೇರಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದಿತು. 1954ರಲ್ಲಿ ಮನುಷ್ಯರ ಔಷಧವಾಯಿತು. ಮರುವರ್ಷ ಹೃದಯಾಘಾತಕ್ಕೊಳಗಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ವಿಷಕ್ಕೂ ಔಷಧಕ್ಕೂ ಇಲ್ಲಿರುವ ಅಂತರ ಪ್ರಮಾಣದ್ದು ಮಾತ್ರ. ಆ ಪ್ರಮಾಣ ಸರಿಯಾಗಿದೆಯೇ ಎಂದು ನೋಡಲು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯಿದೆ. ಮದ್ದು ಸೇವಿಸದವರಲ್ಲಿ ಅದು ಸುಮಾರು 1. ಸೇವಿಸುವ ಬಹುಮಂದಿಯಲ್ಲಿ 2ರಿಂದ 3ರೊಳಗೆ ಇರಬೇಕು. ಕೆಲವು ಕೃತಕ ಕವಾಟಗಳಿಗೆ ತುಸು ಹೆಚ್ಚು. ಅದು ಇಳಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟೀತು, ಪಾರ್ಶ್ವವಾಯು ಬಡಿದೀತು. ಮಿತಿಮೀರಿ ಏರಿದರೆ ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತ ಸುರಿದೀತು.

ಆಂಟಿಬಯೋಟಿಕ್‌ಗಳು ಈ ತಕ್ಕಡಿಯನ್ನು ಅಲುಗಿಸುವುದು ಹೇಗೆ? ವಾರ್ಫರಿನ್ನನ್ನು ಕರಗಿಸಿ ಹೊರಹಾಕುವ ಕೆಲಸ ಯಕೃತ್ತಿನದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಮೊದಲಾದವು ಆ ಕೆಲಸವನ್ನು ತಡೆಯುತ್ತವೆ. ಆಗ ನಿತ್ಯದ ಒಂದೇ ಮಾತ್ರೆ ಎರಡು ಮಾತ್ರೆಗಳಂತೆ ವರ್ತಿಸಬಹುದು. ಸಿಪ್ರೊಫ್ಲಾಕ್ಸಸಿನ್, ಕ್ಲಾರಿತ್ರೊಮೈಸಿನ್‌ಗಳಲ್ಲಿಯೂ ಎಚ್ಚರ ಬೇಕು. ಕರುಳಿನ ಕೆಲವು ಸೂಕ್ಷ್ಮಜೀವಿಗಳು ‘ಕೆ’ ಜೀವಸತ್ವವನ್ನು ತಯಾರಿಸುತ್ತವೆ. ಆಂಟಿಬಯೋಟಿಕ್ ಅವನ್ನೂ ಕೊಲ್ಲುತ್ತದೆ. ಜ್ವರದಿಂದ ಊಟ ಸೇರದಿದ್ದರೆ ಸೊಪ್ಪುತರಕಾರಿಗಳಿಂದ ಬರುವ ‘ಕೆ’ ಜೀವಸತ್ವವೂ ಕಡಿಮೆಯಾಗುತ್ತದೆ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ತೀರ ವಿರುದ್ಧ. ಅದು ಯಕೃತ್ತನ್ನು ಚುರುಕುಗೊಳಿಸಿ ವಾರ್ಫರಿನ್ನನ್ನು ಬೇಗ ಹೊರದೂಡುತ್ತದೆ. ವೈದ್ಯರು ವಾರ್ಫರಿನ್ ಪ್ರಮಾಣವನ್ನು ಏರಿಸಬೇಕಾಗುತ್ತದೆ. ಕ್ಷಯದ ಚಿಕಿತ್ಸೆ ಮುಗಿದ ಬಳಿಕ ಆ ಏರಿಸಿದ ಪ್ರಮಾಣವೇ ಮುಂದುವರಿದರೆ, ಕೆಲವೇ ವಾರಗಳಲ್ಲಿ ರಕ್ತಸ್ರಾವದ ಅಪಾಯ ಕಾದಿರುತ್ತದೆ.

ಹಾಗೆಂದು ಆಂಟಿಬಯೋಟಿಕ್‌ಗೆ ಹೆದರಿ ಸೋಂಕನ್ನು ಬೆಳೆಯಗೊಡುವುದೂ, ವಾರ್ಫರಿನ್ನನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು. ಮಾಡಬೇಕಾದುದಿಷ್ಟು: ಹೊಸ ಮದ್ದನ್ನು ಬರೆಯುವ ವೈದ್ಯರಿಗೆ, ಅವರು ಹಲ್ಲಿನ ವೈದ್ಯರೇ ಆಗಿರಲಿ, ಹಳೆಯ ಮಾತ್ರೆಯನ್ನು ತೋರಿಸಬೇಕು. ಆಂಟಿಬಯೋಟಿಕ್ ಆರಂಭಿಸಿದ ಮೂರರಿಂದ ಐದು ದಿನಗಳೊಳಗೆ ಒಮ್ಮೆ, ಮುಗಿಸಿದ ಮೇಲೆ ಇನ್ನೊಮ್ಮೆ ಐ.ಎನ್.ಆರ್. ಪರೀಕ್ಷೆ ಆಗಬೇಕೇ ಎಂದು ಕೇಳಬೇಕು. ವಸಡು, ಮೂಗುಗಳಿಂದ ರಕ್ತ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಡಾಂಬರಿನಂತೆ ಕಪ್ಪಾದ ಮಲ, ಕೆಂಪಾದ ಮೂತ್ರ, ಹಠಾತ್ತನೆ ಬಂದ ತೀವ್ರ ತಲೆನೋವು ಇವುಗಳಲ್ಲಿ ಒಂದು ಕಂಡರೂ, ತಲೆಗೆ ಪೆಟ್ಟು ಬಿದ್ದರೂ ತಡಮಾಡದೆ ಆಸ್ಪತ್ರೆ ಸೇರಬೇಕು.

ಮಾತ್ರೆಯ ಹೆಸರು, ಪ್ರಮಾಣ, ಹಿಂದಿನ ಪರೀಕ್ಷೆಯ ಅಂಕಿ, ಇಷ್ಟನ್ನು ಬರೆದ ಚೀಟಿಯೊಂದು ಹಿರಿಯರ ಜೇಬಿನಲ್ಲಿಯೂ, ಇನ್ನೊಂದು ಅಂಗಡಿಗೆ ಹೋಗುವ ಮಗನ ಜೇಬಿನಲ್ಲಿಯೂ ಇರಲಿ.