ಮುಂಗಡವೂ ಬಿಡುಗಡೆಯ ಶುಲ್ಕವೂ
ಇಳಕಲ್ಲಿನ ಮಗ್ಗದವರಿಗೆ ಮುಂಗಡವೆಂಬುದು ಪರಿಚಿತವಾದ ಮಾತು. ಯಜಮಾನನಿಂದ ಅದನ್ನು ಪಡೆದ ನೇಕಾರನು ಬಾಕಿ ತೀರಿಸದೆ ಬೇರೊಬ್ಬನ ನೂಲನ್ನು ಮಗ್ಗಕ್ಕೇರಿಸುವುದು ಕಷ್ಟ. ಅಮೆರಿಕೆಯ ಮೊಬೈಲ್ ಕರಾರುಗಳಲ್ಲಿದ್ದುದೂ ಇದೇ ನ್ಯಾಯ. ಕಂಪನಿಯು ಫೋನನ್ನು ಅಗ್ಗವಾಗಿ ಕೊಟ್ಟು, ಆ ಕೊರತೆಯನ್ನು ಎರಡು ವರ್ಷಗಳ ಮಾಸಿಕ ದರದಲ್ಲಿ ತುಂಬಿಕೊಳ್ಳುತ್ತಿದ್ದಿತು. ನಡುವೆ ಬಿಟ್ಟವನು ಶುಲ್ಕ ತೆರಬೇಕು. ಅಗ್ಗವೆಂದು ಕಂಡುದು ವಾಸ್ತವವಾಗಿ ಸಾಲ. ಸಾಲವಾದರೆ ತಿಂಗಳು ಕಳೆದಂತೆ ಇಳಿದು ಕೊನೆಗೆ ಸೊನ್ನೆಯಾಗಬೇಕಷ್ಟೆ. ಆದರೆ 2009ರಲ್ಲಿ ವೆರಿಜಾನ್ ಕಂಪನಿಯು ಸ್ಮಾರ್ಟ್‌ಫೋನುಗಳಿಗೆ ಗೊತ್ತುಮಾಡಿದ 350 ಡಾಲರು ಶುಲ್ಕವು ತಿಂಗಳಿಗೆ 10ರಂತೆ ಮಾತ್ರ ಇಳಿಯುತ್ತಿದ್ದಿತು. 23 ತಿಂಗಳು ತೆತ್ತವನ ಮೇಲೂ 120 ಉಳಿಯುವುದು. ಅದು ಯಾವ ಸಾಲದ ಬಾಕಿಯೋ! ನಮ್ಮಲ್ಲಿ ಬಹುಮಂದಿ ಗ್ರಾಹಕರೇ ಕಂಪನಿಗೆ ಮುಂಗಡ ತೆತ್ತು ಮಾತನಾಡುವರು. 2011ರಲ್ಲಿ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸಲು ಗರಿಷ್ಠ ಶುಲ್ಕ 19 ರೂಪಾಯಿಯಾಗಿದ್ದಿತು.